ಬಿಸಿಲ ನಾಡಿನ ಅಸೂರ್ಯಂಪಶ್ಯೆಯರು: ಗರ್ಭಿಣಿಯರಲ್ಲಿ ‘ಡಿ’ ಜೀವಸತ್ವದ ಕೊರತೆ

ವೈಯಾಕರಣರು ರಾಜಪತ್ನಿಯರನ್ನು ‘ಅಸೂರ್ಯಂಪಶ್ಯೆ’ಯರೆಂದುದು ಪಂಡಿತರಿಗೆ ವಿದಿತವೇ ಇದೆ. ಸೂರ್ಯನನ್ನು ಕಾಣದ ಈ ಮರ್ಯಾದೆಯು ಎಲುಬಿಗೆ ಎಂತಹ ಕೇಡೆಂಬುದನ್ನು ಕಾಶ್ಮೀರದ ಗೋಷಾ ಸ್ತ್ರೀಯರಲ್ಲಿ ಕಂಡ ಡಾಕ್ಟರ್ ಕ್ಯಾಥ್ಲೀನ್ ವಾನ್ ಅವರು ೧೯೨೮ರಲ್ಲಿ ಗ್ರಂಥರೂಪವಾಗಿ ತಿಳಿಸಿದರು. ಎಲುಬು ಮೆತ್ತಗಾಗಿ, ಕಟಿಯ ಅಸ್ಥಿ ಕುಗ್ಗಿ, ಪ್ರಸವವೇ ಪ್ರಾಣಸಂಕಟವಾಗುತ್ತಿದ್ದಿತು.

ಆದರೆ ನಮ್ಮಲ್ಲಿ ಬಿಸಿಲಿಗೆ ಬರವೆ? ಮೈಸೂರಿನಲ್ಲಿ ಪರೀಕ್ಷಿಸಲ್ಪಟ್ಟ ಗರ್ಭಿಣಿಯರಲ್ಲಿ ನೂರಕ್ಕೆ ೬೬ ಮಂದಿಗೆ ಈ ಸತ್ವವು ಕೊರೆಯಾಗಿದ್ದಿತೆಂದು ೨೦೦೯ರಲ್ಲಿ ಪ್ರಕಟವಾಯಿತು. ರಾಯಚೂರು ಸೀಮೆಯಲ್ಲಿಯಾದರೋ ಬಿಸಿಲಿನ ಆಧಿಕ್ಯವೇ ವಿಘ್ನವೆಂದು ನಮ್ಮ ಅಭಿಪ್ರಾಯ. ಚರ್ಮದಲ್ಲಿ ‘ಡಿ’ ಜೀವಸತ್ವವನ್ನು ಹುಟ್ಟಿಸುವ ಅತಿನೇರಳೆ ಕಿರಣಗಳು ಸೂರ್ಯನು ಮೇಲೇರಿದಾಗಲೇ ಪ್ರಬಲ. ಬೇಸಗೆಯಲ್ಲಿ ಆ ಹೊತ್ತಿಗೆ ನಗರದ ಬಸುರಿಯು ಮನೆಯೊಳಗಿರುವಳು. ದೇವದುರ್ಗ, ಮಾನ್ವಿಗಳ ಹೊಲದಲ್ಲಿ ದುಡಿಯುವವಳು ಬಿಸಿಲಿಗೆ ಅಂಜಿಯೇ ತಲೆ ತೋಳುಗಳನ್ನು ಮುಚ್ಚಿಕೊಳ್ಳುವಳು. ಶ್ಯಾಮಲ ಚರ್ಮಕ್ಕೆ ಬಿಸಿಲು ಹೆಚ್ಚು ಕಾಲ ಬೇಕು. ಜೋಳದ ರೊಟ್ಟಿ, ಪುಂಡಿಪಲ್ಯಗಳಲ್ಲಿ ಈ ಸತ್ವವು ಇಲ್ಲವೆಂದೇ ಹೇಳಬೇಕು.

ಗರ್ಭಸ್ಥ ಶಿಶುವು ಸುಮಾರು ೩೦ ಗ್ರಾಂ ಸುಣ್ಣಾಂಶವನ್ನು, ಬಹುಮಟ್ಟಿಗೆ ಕಡೆಯ ಮೂರು ತಿಂಗಳುಗಳಲ್ಲಿ, ತಾಯಿಯಿಂದ ಪಡೆಯುವುದು. ‘ಡಿ’ ಜೀವಸತ್ವಕ್ಕೂ ತಾಯಿಯೇ ಗತಿ. ಎದೆಹಾಲಿನಲ್ಲಿ ಅದು ಅತ್ಯಲ್ಪ. ಕೊರತೆಯು ಉಗ್ರವಾದರೆ ಕೂಸಿನ ರಕ್ತದ ಸುಣ್ಣಾಂಶವು ಕುಸಿದು ಸೆಳವು ಬರುವುದುಂಟು. ಗರ್ಭಿಣಿಯರೆಲ್ಲರಿಗೂ ಇದನ್ನು ಔಷಧವಾಗಿ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿಯೂ ವಿಧಿಸಲಿಲ್ಲ. ಕೊರತೆಯ ಶಂಕೆಯಿದ್ದವರಿಗೆ ದಿನಕ್ಕೆ ೫ ಮೈಕ್ರೋಗ್ರಾಂ ಕೊಡಬಹುದೆಂದಿತು.