ಮನೆಯ ಮೊದಲ ರೇಡಿಯೊ: ಕಾಲ ಗುರುತಿಸುವ ಬಗೆ

ಹಳೆಯ ರೇಡಿಯೊದ ಕಾಲ ಹೊರಗಿನ ಹೆಸರಿಗಿಂತ ಒಳಗಿನ ವಾಲ್ವುಗಳಿಂದ ಚೆನ್ನಾಗಿ ತಿಳಿಯುತ್ತದೆ. ಮರ್ಫಿ, ಫಿಲಿಪ್ಸ್, ಬುಷ್ ಹೆಸರುಗಳು ದಶಕಗಟ್ಟಲೆ ಉಳಿದವು. ವಾಲ್ವುಗಳು ಬದಲಾಗುತ್ತ ಹೋದವು.

ಪ್ಲಗ್ ಕಿತ್ತು ಹಿಂದಿನ ರಟ್ಟು ತೆಗೆದರೆ ವಾಲ್ವುಗಳ ಗಾಜಿನ ಮೇಲೆ ಅಕ್ಷರಗಳು ಕಾಣುತ್ತವೆ. ಇಸಿಎಚ್ 81ರಂತೆ ‘ಇ’ಯಿಂದ ಶುರುವಾದರೆ 6.3 ವೋಲ್ಟಿನ ಹೀಟರ್. ಬಹುಮಟ್ಟಿಗೆ ಕರೆಂಟಿದ್ದ ಮನೆಯ ಸೆಟ್ಟು. ಡಿಕೆ 96, ಡಿಎಲ್ 96ರಂತೆ ‘ಡಿ’ಯಿಂದ ಶುರುವಾದರೆ ಬ್ಯಾಟರಿ ಸೆಟ್ಟು. ಇವುಗಳ ಫಿಲಮೆಂಟಿಗೆ 1.4 ವೋಲ್ಟ್ ಸಾಕು; ಆದರೆ ಜೊತೆಗೆ 90 ವೋಲ್ಟಿನ ದೊಡ್ಡ ಬ್ಯಾಟರಿ ಬೇಕಿತ್ತು. ಬೀದರ್ ಜಿಲ್ಲೆಯ ಭಾಲ್ಕಿ, ಔರಾದ್ ಕಡೆಯ ಕರೆಂಟು ಬಾರದ ಹಳ್ಳಿಗಳಿಗೆ ಒಗ್ಗುತ್ತಿದ್ದುದು ಇಂಥವೇ. ಆ ಬ್ಯಾಟರಿ ಈಗ ಅಂಗಡಿಯಲ್ಲಿ ಸಿಗುವುದಿಲ್ಲವೆಂದು ಇವನ್ನು ಗುಜರಿಗೆ ಹಾಕುವುದು ದೊಡ್ಡ ನಷ್ಟ. 9 ವೋಲ್ಟಿನ ಹತ್ತು ಬ್ಯಾಟರಿ ಸಾಲಾಗಿ ಜೋಡಿಸಿದರೆ ಅದೇ 90 ವೋಲ್ಟ್ ಸಿಗುತ್ತದೆ. ವಾಲ್ವಿಲ್ಲದೆ ಒಸಿ 44, ಒಸಿ 71 ಎಂಬ ಜರ್ಮೇನಿಯಂ ಟ್ರಾನ್ಸಿಸ್ಟರ್ ಕಂಡರೆ ಸೆಟ್ಟು 1960ರ ಆಸುಪಾಸಿನದು.

ಯಾವ ಸ್ಟೇಷನ್ ಕೇಳುತ್ತಿತ್ತು ಎಂಬ ಹಿರಿಯರ ನೆನಪೂ ನೆರವಾಗುತ್ತದೆ. ಬೀದರ್ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಅಲ್ಲಿನ ಡೆಕ್ಕನ್ ರೇಡಿಯೊ 1950ರಲ್ಲಿ ಆಕಾಶವಾಣಿಗೆ ಸೇರಿತು. ಗುಲಬರ್ಗಾ ಆಕಾಶವಾಣಿ ಶುರುವಾದದ್ದು 1966ರಲ್ಲಿ. ‘ಮೊದಮೊದಲು ಹೈದರಾಬಾದ್ ಮತ್ತು ಸಿಲೋನ್ ಮಾತ್ರ’ ಎಂದು ನೆನೆಯುವ ಮನೆಯ ಸೆಟ್ಟು ಅದಕ್ಕೂ ಹಳೆಯದಿರಬಹುದು.

ಆಗ ರೇಡಿಯೊಗೆ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಿತ್ತು. ಆ ಪುಸ್ತಕ ಸಿಕ್ಕಿದರೆ, ಶುಲ್ಕ ಕಟ್ಟಿದ ಮೊದಲ ಮುದ್ರೆಯ ತಾರೀಖೇ ಗಟ್ಟಿ ಸಾಕ್ಷಿ.