ಬಣ್ಣ ಮಾಸಿದ ಗೌರಿ

ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ, ಪಡುವಣ ಕಿಟಕಿಗೆ ಎದುರಾಗಿರುವ ಗೋಡೆಯ ಗೂಡಿನಲ್ಲಿ, ಕಿನ್ನಾಳದ ಗೌರಿಯೊಬ್ಬಳು ಅರವತ್ತು ವರ್ಷಗಳಿಗೂ ಮಿಕ್ಕಿ ನಿಂತಿದ್ದಳು. ಮಗ್ಗುಲಲ್ಲಿ ಕೈಮುಗಿದ ಗರುಡ. 1962ರಲ್ಲಿ, ಮದುವೆಯಾದ ಹೊಸತರಲ್ಲಿ, ನಮ್ಮ ತಾಯಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯಿಂದ ಇವೆರಡನ್ನೂ ಕೊಂಡು, ಮೀಟರ್‌ಗೇಜ್ ರೈಲಿನಲ್ಲಿ ಹುಬ್ಬಳ್ಳಿಯವರೆಗೆ ತೊಡೆಯ ಮೇಲಿರಿಸಿಕೊಂಡು ತಂದರಂತೆ. ಕೊಪ್ಪಳವು ಆಗ ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು.

ಮೊನ್ನೆ ಗೋಡೆಗೆ ಸುಣ್ಣ ಹೊಡೆಯಿಸುವ ಸಲುವಾಗಿ ಗೌರಿಯನ್ನು ಕೆಳಗಿಳಿಸಿದೆ. ಎದುರಿನಿಂದ ನೋಡಿದರೆ ಆಕೆಯ ಸೀರೆಯದು ಹಾಲು ಹೆಚ್ಚಾದ ಚಹದ ಬಣ್ಣ. ಅದನ್ನೇ ನಾನು ಹುಟ್ಟಿದಂದಿನಿಂದ ಕಂಡವನು. ಅದೇ ಆಕೆಯ ನಿಜವಾದ ಬಣ್ಣವೆಂದು ನಂಬಿದವನು. ಧೂಳು ಒರೆಸಲೆಂದು ಬೊಂಬೆಯನ್ನು ಹಿಂದಿರುಗಿಸಿದಾಗ ನನ್ನ ಕೈ ತಡೆಯಿತು. ಬೆನ್ನ ಮೇಲೆ ಸೀರೆ ಕಡುಗುಲಾಬಿ! ಈಗತಾನೇ ಬಣ್ಣದ ಬಟ್ಟಲಿನಿಂದೆತ್ತಿದಂತೆ ಕೆಂಪೇರಿದ ಗುಲಾಬಿ. ಒಂದೇ ಬೊಂಬೆ, ಒಂದೇ ಕೈ ಹಚ್ಚಿದ ಒಂದೇ ಬಣ್ಣ. ಮುಖದ ಕಡೆಗೆ ಮುದುಕಿ, ಬೆನ್ನ ಕಡೆಗೆ ಮದುವಣಗಿತ್ತಿ.

ಕಳ್ಳನಾರೆಂಬುದನ್ನು ಹುಡುಕಲು ದೂರ ಹೋಗಬೇಕಾಗಲಿಲ್ಲ. ಸಂಜೆಯ ನಾಲ್ಕು ಗಂಟೆಗೆ ಕಿಟಕಿಯಿಂದಿಳಿದು ಗೂಡಿನೊಳಗೆ ಸೇರುವ ಆ ಹೊಂಬಿಸಿಲೇ ಕಳ್ಳ.

ಬೆಳಕು ಬಣ್ಣವನ್ನು ತಿನ್ನುತ್ತದೆಂಬುದು ಅಗಸರಿಗೂ ಬಟ್ಟೆಯಂಗಡಿಯವರಿಗೂ ಹಿಂದಿನಿಂದ ಗೊತ್ತಿದ್ದ ಸಂಗತಿಯೇ. ಆದರೆ ಅದನ್ನು ಕ್ರಮವಾಗಿ ಪರೀಕ್ಷಿಸಿ ಬರೆದಿಟ್ಟವರು ಇಂಗ್ಲೆಂಡಿನ ರಸೆಲ್ ಮತ್ತು ಏಬ್ನಿ ಎಂಬ ಇಬ್ಬರು ವಿಜ್ಞಾನಿಗಳು. 1888ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ ಒಂದು ಸ್ವಾರಸ್ಯವುಂಟು: ಗಾಳಿಯನ್ನೂ ತೇವವನ್ನೂ ತೆಗೆದುಹಾಕಿದ ಕೊಳವೆಯಲ್ಲಿಟ್ಟ ಬಣ್ಣಗಳಲ್ಲಿ ಹೆಚ್ಚಿನವು ಬಿಸಿಲಿಗೂ ಅಷ್ಟಾಗಿ ಜಗ್ಗಲಿಲ್ಲ, ತೇವವಾದ ಗಾಳಿಯಿದ್ದಲ್ಲಿ ಬೇಗನೆ ಬಿಳಿಚಿದವು. ಬೆಳಕು ಒಂಟಿಯಾಗಿ ಕದಿಯುವುದಿಲ್ಲ, ಜೊತೆಗೆ ಆಮ್ಲಜನಕವನ್ನೂ ತೇವವನ್ನೂ ಕರೆತರುತ್ತದೆ ಎಂದಾಯಿತು. ಮಳೆ ಹಿಡಿದರೆ ವಾರಗಟ್ಟಲೆ ಗೋಡೆ ಬೆವರುವ ನಮ್ಮ ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ 1888ರಲ್ಲಿಯೇ ಫ್ರಾನ್ಸಿನ ಆರ್ಲ್ ಪಟ್ಟಣದಲ್ಲಿ ವ್ಯಾನ್‌ ಗೋ ತನ್ನ ಮಲಗುವ ಕೋಣೆಯ ಚಿತ್ರ ಬರೆದನು. ಇಂದು ಅದರ ಗೋಡೆಗಳು ತಿಳಿನೀಲಿ. ಅವನು ಹಚ್ಚಿದ್ದು ನೇರಿಳೆಯ ಛಾಯೆ. ಅದರೊಳಗಿನ ಕೆಂಪು ಹಾರಿಹೋಗಿ ನೀಲಿಯಷ್ಟೇ ಉಳಿಯಿತು. ಜಗತ್ಪ್ರಸಿದ್ಧ ಚಿತ್ರಕ್ಕೆ ಬಂದ ಗತಿಯೇ ನಮ್ಮ ಗೂಡಿನ ಗೌರಿಗೂ ಬಂದಿತೆಂದು ತಾಯಿಗೆ ಹೇಳಿ ನೋಡಿದೆ. ಅವರಿಗೆ ಅದರಿಂದ ಸಮಾಧಾನವೇನೂ ಆದಂತೆ ಕಾಣಲಿಲ್ಲ.

ಎಲ್ಲ ಬಣ್ಣಗಳೂ ಒಂದೇ ಜಾತಿಯವಲ್ಲ. ಕಾವಿ, ಕೆಮ್ಮಣ್ಣುಗಳೆಂದರೆ ಕಬ್ಬಿಣದ ತುಕ್ಕಿನ ಬಳಗ. ಬಿಸಿಲು ಅವುಗಳನ್ನು ಏನೂ ಮಾಡಲಾರದು. ದೀಪದ ಕಾಡಿಗೆಯೂ ಹಾಗೆಯೇ. ಅರಿಸಿನದ ಹಳದಿಯೋ, ಹೊಸ ಮದುವೆಯ ಬೆಡಗು. ನಾಲ್ಕು ಬಿಸಿಲು ಕಂಡರೆ ಹೋಯಿತು. ರಾಸಾಯನಿಕ ರಂಗಿನ ಅಗ್ಗದ ಗುಲಾಬಿ, ನೇರಿಳೆಗಳಲ್ಲಿಯೂ ಇಂಥ ಅಲ್ಪಾಯುಷಿಗಳು ಬಹಳ. ಹೀಗಾಗಿ ನಮ್ಮ ಗೌರಿಯ ಸೀರೆ ಬಿಳಿಚಿದರೂ ಸೆರಗಿನ ಕಾವಿಯಂಚು ಗಟ್ಟಿಯಾಗಿ ನಿಂತಿದೆ. ಮುಖ ಮಾಸಿದೆ, ಆದರೆ ಕಾಡಿಗೆಯಲ್ಲಿ ಎಳೆದ ಆ ಕಣ್ಣುಗಳು ಮಾತ್ರ ಅಂದಿನಂತೆಯೇ ನಮ್ಮನ್ನು ನೋಡುತ್ತವೆ.

ಈ ಬೊಂಬೆಯ ಹುಟ್ಟನ್ನು ತಿಳಿಯದೆ ಅದಕ್ಕೆ ಮದ್ದು ಮಾಡುವುದು ಅಪಾಯ. ಕಿನ್ನಾಳದ ಚಿತ್ರಗಾರರ ಮನೆತನಗಳು ವಿಜಯನಗರದ ಕಾಲದಿಂದ ಬಂದವೆಂದು ಪ್ರತೀತಿ. ಹಗುರಾದ ಪೊಳಕಿ ಮರವನ್ನು ಕಡೆದು ಕೈ, ಕಾಲು, ಮುಂಡಗಳನ್ನು ಬೇರೆ ಬೇರೆ ಮಾಡುತ್ತಾರೆ. ಸೆಣಬಿನ ಚಿಂದಿಯ ಪುಡಿಗೆ ಮರದ ಹೊಟ್ಟು, ಹುಣಿಸೆಬೀಜದ ಅಂಟು ಕಲಸಿದ ಕಿಟ್ಟದಿಂದ ಬೆಸೆಯುತ್ತಾರೆ. ಅದರ ಮೇಲೆ ಹತ್ತಿಬಟ್ಟೆಯ ತುಂಡುಗಳು. ಅವುಗಳ ಮೇಲೆ ಕಲ್ಲಿನ ಪುಡಿಯ ಬಿಳಿಯ ಲೇಪ. ಒಡವೆಗಳನ್ನು ಉಬ್ಬಿಸುವುದೂ ಇದೇ ಕಲ್ಲಿನ ಪುಡಿಯ ಸರಿಯಿಂದ. ಬಣ್ಣ ಬರುವುದು ಕಡೆಗೆ. ತವರದಿಂದ ಮಾಡಿದ ಲಾಜವಾರವೆಂಬ ಲೇಪದಿಂದ ಬೆಳ್ಳಿಯ ಹೊಳಪು. ಅದರ ಮೇಲೆ ಹಳದಿಯ ಮೆರುಗು ಕೊಟ್ಟರೆ ಬಂಗಾರ. ಅಂದರೆ ಒಳಗಿರುವುದೆಲ್ಲ ಬಹುಮಟ್ಟಿಗೆ ಅಂಟು ಮತ್ತು ಸರಿ. ಒದ್ದೆಬಟ್ಟೆಯಿಂದ ಉಜ್ಜಿದರೆ ಬಣ್ಣದ ಕೆಳಗಿನ ನೆಲವೇ ಕರಗೀತು. ಮೆರುಗು ಸವೆದಲ್ಲಿ ಬಂಗಾರ ಮಾಯವಾಗಿ ತವರ ಇಣುಕೀತು.

ಇಷ್ಟೆಲ್ಲ ತಿಳಿದದ್ದು ತಡವಾಗಿ. ಗರುಡನ ಕಥೆ ಅದಕ್ಕೂ ಮೊದಲಿನದು.

ಹತ್ತು ವರ್ಷಗಳ ಕೆಳಗೆ ದಸರೆಗೆ ತಾಯಿಯನ್ನು ಸಂತೋಷಪಡಿಸಬೇಕೆಂಬ ಹುರುಪಿನಲ್ಲಿ ನಾನು ಗರುಡನನ್ನು ಹುಬ್ಬಳ್ಳಿಗೆ ಒಯ್ದು, ಅಂಗಡಿಗಳ ಬೋರ್ಡು ಬರೆಯುವವನೊಬ್ಬನಿಂದ ಎಣ್ಣೆಬಣ್ಣ ಹಚ್ಚಿಸಿದೆ. ತಪ್ಪು ಅವನದಲ್ಲ, ಹೇಳಿದಂತೆ ಮಾಡಿದ. ಗರುಡ ಥಳಥಳಿಸಿದ. ಆದರೆ ಕೂದಲೆಳೆಯಂಥ ಹುಬ್ಬು, ರೆಕ್ಕೆಯ ಮೇಲಿನ ಉಬ್ಬುಕುಸುರಿ ಎಲ್ಲವೂ ದಪ್ಪ ಬಣ್ಣದಡಿಯಲ್ಲಿ ಹೂತುಹೋದವು. ತಾಯಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ಛಲೋ ಆಗೇತಿ. ಆದ್ರ ಇಂವ ಯಾರಪ್ಪಾ?” ಎಂದರು.

ಆ ಬಣ್ಣವನ್ನು ತೆಗೆಯಹೋದರೆ ಕೆಳಗಿನ ಹಳೆಯದೂ ಕೂಡಿಯೇ ಬರುತ್ತದೆ. ಈಗ ಗರುಡನಿಗೆ ಬಿಡುಗಡೆಯಿಲ್ಲ. ಮೇಲಾಗಿ ತಾಯಿ ಅವನನ್ನು ಟ್ರಂಕಿಗೆ ಸೇರಿಸಿದ ಮೇಲೆ ಅವನ ಬಿಳಿಯ ಪಂಚೆ ಕತ್ತಲಿನಲ್ಲಿಯೇ ಹಳದಿಗಟ್ಟಿತು. ಅಗಸೆಎಣ್ಣೆಯ ಬಣ್ಣಗಳ ವಿಚಿತ್ರ ಗುಣವದು: ಉಳಿದ ಬಣ್ಣಗಳು ಬೆಳಕಿನಲ್ಲಿ ಕೆಟ್ಟರೆ, ಇವುಗಳ ಬಿಳುಪು ಕತ್ತಲಿನಲ್ಲಿ ಕೆಡುತ್ತದೆ.

ಹಾಗೆಂದು ಟ್ರಂಕನ್ನು ಹಳಿಯಲಾರೆ. ಮೈಸೂರು ಸೀಮೆಯವರು ಪಟ್ಟದ ಬೊಂಬೆಗಳನ್ನು ನವರಾತ್ರಿಗೆ ಮಾತ್ರ ಹೊರತೆಗೆದು, ಮಿಕ್ಕ ದಿನಗಳಲ್ಲಿ ಹಳೆಯ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡುವುದನ್ನು ನಾವು ಉತ್ತರದವರು ನಗೆಯಾಡುವುದುಂಟು. ಲೆಕ್ಕ ಹಾಕಿ ನೋಡಿ: ವರ್ಷಕ್ಕೆ 10 ದಿನದಂತೆ 36 ವರ್ಷ ಕೂಡಿಸಿದರೂ ಅವರ ಬೊಂಬೆ ಬೆಳಕು ಕಂಡದ್ದು 360 ದಿನ. ನಮ್ಮ ಗೂಡಿನ ಬೊಂಬೆ ಅಷ್ಟನ್ನು ಒಂದೇ ವರ್ಷದಲ್ಲಿ ಕಾಣುತ್ತದೆ. ಮೈಸೂರಿನವರ ಮಡಿವಂತಿಕೆಯಲ್ಲಿ ವಿಜ್ಞಾನವಿತ್ತೆಂದು ಒಪ್ಪಿಕೊಳ್ಳದೆ ಗತ್ಯಂತರವಿಲ್ಲ.

ವಸ್ತುಸಂಗ್ರಹಾಲಯಗಳಲ್ಲಿ ಬೇಗ ಮಾಸುವ ವಸ್ತುಗಳಿಗೆ ಸಾಮಾನ್ಯವಾಗಿ 50 ಲಕ್ಸಿನಷ್ಟು ಮಂದ ಬೆಳಕನ್ನು ಮಾತ್ರ ಬಿಡುತ್ತಾರೆ. ನಡುಹಗಲಿನ ನೇರ ಬಿಸಿಲು ಸುಮಾರು 1,00,000 ಲಕ್ಸ್. ಬೆಳಕಿನ ಪೆಟ್ಟು ಕೂಡುತ್ತ ಹೋಗುವಂಥದು; ಆದ್ದರಿಂದ ಅಂಥ ಬಿಸಿಲಿನ ಒಂದು ತಾಸು ಅಲ್ಲಿಯ ಎರಡು ಸಾವಿರ ತಾಸುಗಳಿಗೆ ಸಮ. ಕಿಟಕಿಯ ಗಾಜು ಅತಿನೇರಳೆ ಕಿರಣಗಳಲ್ಲಿ ಒಂದಷ್ಟನ್ನು ತಡೆದೀತೇ ಹೊರತು ಕಣ್ಣಿಗೆ ಕಾಣುವ ಬೆಳಕನ್ನು ತಡೆಯದು. ಗಾಜಿನ ಕಪಾಟೂ ಅಷ್ಟೇ. ಹುಬ್ಬಳ್ಳಿಯ ಧೂಳಿಗೆ ಮಾತ್ರ ಕಪಾಟು ಒಳ್ಳೆಯ ಮದ್ದು.

ಮಾಸಿದಂತೆ ಕಂಡದ್ದೆಲ್ಲ ಮಾಸಿದ್ದೇ ಎನ್ನುವಂತಿಲ್ಲ. ದೇವರಮನೆಯ ಎಣ್ಣೆದೀಪದ, ಊದಿನಕಡ್ಡಿಯ ಹೊಗೆ ವರ್ಷಾನುವರ್ಷ ಕುಳಿತು ಬಿಳಿಯದೆಲ್ಲ ಬೂದಿಯಾಗುವುದುಂಟು. ಇಂಥದಕ್ಕೆ ಮೆತ್ತನೆಯ ಒಣ ಕುಂಚವೊಂದೇ ಸಾಕು, ಅದೂ ಬಣ್ಣ ಗಟ್ಟಿಯಾಗಿ ಹಿಡಿದಿದ್ದರೆ ಮಾತ್ರ. ಚನ್ನಪಟ್ಟಣದ ಬೊಂಬೆಗಳ ಮೈಮೇಲಿರುವುದು ಅರಗು. ಒಣಬಟ್ಟೆ ಅದಕ್ಕೆ ಒಗ್ಗುತ್ತದೆ, ಸ್ಪಿರಿಟ್ ಮಾತ್ರ ವೈರಿ. 2020ರ ಕೊರೋನಾ ದಿನಗಳಲ್ಲಿ ನಮ್ಮ ನೆರೆಯವರೊಬ್ಬರು ಮೊಮ್ಮಗುವಿನ ಆಟಿಕೆಗಳಿಗೆಲ್ಲ ಸ್ಯಾನಿಟೈಸರ್ ಹಚ್ಚಿ ಒರೆಸಿ, ಅರಗು ಕರಗಿ ಕೈಯೆಲ್ಲ ಕೆಂಪು-ಹಸಿರು ಮಾಡಿಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ. ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ನನ್ನ ತಂಗಿಯ ಮಗ ಪ್ಲಾಸ್ಟಿಕ್ಕಿನ ಪರದೇಶದ ವೀರರನ್ನು ಸಾಲಾಗಿ ನಿಲ್ಲಿಸಿಕೊಂಡಿದ್ದಾನೆ. ಬಿಳಿಯ ವೀರರೆಲ್ಲ ಕಾಮಾಲೆ ಹಿಡಿದಂತೆ ಹಳದಿಯಾಗಿದ್ದಾರೆ. ಅಲ್ಲಿ ಕೆಡುವುದು ಪ್ಲಾಸ್ಟಿಕ್ಕೇ, ಮೇಲಿನ ಬಣ್ಣವಲ್ಲ; ಮೆತ್ತಗಾಗಲೆಂದು ಬೆರೆಸಿದ ದ್ರವ ಹೊರಗೆ ಜಿನುಗಿ ಮೈಯೆಲ್ಲ ಅಂಟಂಟು.

ಮೊನ್ನೆ ಗೌರಿಯ ಬೆನ್ನು ಕಂಡ ಮೇಲೆ, ಗರುಡನ ಪಾಡು ನೆನಪಿದ್ದರೂ ಮನಸ್ಸು ತಡೆಯಲಿಲ್ಲ. ಆಕೆಯನ್ನು ಹತ್ತಿಯಲ್ಲಿ ಸುತ್ತಿಕೊಂಡು ಕಿನ್ನಾಳಕ್ಕೇ ಹೋದೆ. ಹಿರಿಯ ಚಿತ್ರಗಾರರೊಬ್ಬರು ಬೊಂಬೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುವಿ, ಸೊಂಟದ ಬಳಿ ಬಿರಿದಿದ್ದ ಬೆಸುಗೆಯನ್ನಷ್ಟೇ ಬೆರಳಿನಿಂದ ತೋರಿಸಿದರು.

“ಇದನ್ನಷ್ಟ ಕಿಟ್ಟಾ ಹಾಕಿ ಮುಚ್ಚಿ ಕೊಡ್ತೇನ್ರಿ. ಮಾರಿ ಮುಟ್ಟೂದು ಬ್ಯಾಡ. ಇಂಥ ಕಣ್ಣು ಬರದ ಕೈ ಈಗಿಲ್ಲ. ಹೊಸಾದು ಬೇಕಂದ್ರ ಹೊಸಾ ಗೌರಿ ಮಾಡಿಕೊಡ್ತೇನಿ.”

ಹೊಸ ಗೌರಿಯನ್ನೂ ಮಾಡಿಸಿದೆ. ಕಡುಗುಲಾಬಿಯ ಸೀರೆ, ಬೆನ್ನ ಬಣ್ಣಕ್ಕೆ ಸರಿಹೊಂದಿಸಿದ್ದು. ಹಳೆಯವಳು ಈಗ ಬಿಸಿಲು ತಾಕದ ಒಳಕೋಣೆಯ ಗೋಡೆಯ ಕಪಾಟಿನಲ್ಲಿದ್ದಾಳೆ. ಕಪಾಟಿಗೊಂದು ಖಾದಿಯ ಪರದೆ. ಎಂಬತ್ತು ದಾಟಿದ ತಾಯಿ ಹೊಸಬಳನ್ನು ನೋಡಿ ತಲೆದೂಗಿದರು, ಅಷ್ಟೇ. ಆದರೆ ಮನೆಗೆ ಮೊಮ್ಮಕ್ಕಳು ಬಂದಾಗ ಪರದೆ ಸರಿಸಿ, ಹಳೆಯವಳನ್ನು ಎರಡೂ ಕೈಯಲ್ಲಿ ಮೆಲ್ಲಗೆ ಹಿಂದಿರುಗಿಸಿ, “ನೋಡ್ರಿಲ್ಲೆ, ನಾ ತಂದಾಗ ಹಿಂಗಿದ್ಲು ಈಕಿ” ಎಂದು ಬೆನ್ನನ್ನು ತೋರಿಸುತ್ತಾರೆ.