ಸ್ಕ್ಲೀರೋಡರ್ಮಾ: ಬಾಯಿ ಕಿರಿದಾಗುವ ಕಾಯಿಲೆ

ಸ್ಕ್ಲೀರೋಡರ್ಮಾ ಎಂಬ ಹೆಸರನ್ನು ಕೇಳಿದವರು ನಮ್ಮ ನಡುವೆ ವಿರಳ. ಗ್ರೀಕ್ ಭಾಷೆಯಲ್ಲಿ ‘ಸ್ಕ್ಲೀರೋಸ್’ ಎಂದರೆ ಗಟ್ಟಿ, ‘ಡರ್ಮಾ’ ಎಂದರೆ ಚರ್ಮ. ರೋಗಾಣುಗಳಿಂದ ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ಸ್ವಂತ ದೇಹದ ಮೇಲೆಯೇ ತಿರುಗಿಬೀಳುವುದರಿಂದ ಈ ಕಾಯಿಲೆ ಬರುತ್ತದೆ. ಸಣ್ಣ ರಕ್ತನಾಳಗಳು ಕೆಡುತ್ತವೆ, ಕೊಲಾಜೆನ್ ಎಂಬ ನಾರಿನಂಥ ಪದಾರ್ಥ ಬೇಕಾದುದಕ್ಕಿಂತ ಹೆಚ್ಚು ಶೇಖರವಾಗಿ ಚರ್ಮ ಬಿರುಸಾಗುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ, ಅದರಲ್ಲೂ ಮಧ್ಯವಯಸ್ಸಿನವರಲ್ಲಿ ಇದು ಹೆಚ್ಚು. ಇದು ಅಂಟುರೋಗವಲ್ಲ. ಒಂದೇ ಬಟ್ಟಲಲ್ಲಿ ಉಂಡರೂ ಹರಡುವುದಿಲ್ಲ.

ಶ್ವಾಸಕೋಶ, ಹೃದಯ, ಮೂತ್ರಪಿಂಡಗಳಿಗೂ ತಗಲಬಹುದಾದ ಕಾಯಿಲೆಯಾದ್ದರಿಂದ ವೈದ್ಯರ ಗಮನ ಸಹಜವಾಗಿ ಮೊದಲು ಅತ್ತ ಹೋಗುತ್ತದೆ. ಬಾಯಿಯ ವಿಚಾರ ಹಿಂದುಳಿಯುತ್ತದೆ. ಆದರೆ ನೇಪಲ್ಸ್‌ನ ವೈದ್ಯ ಕಾರ್ಲೊ ಕುರ್ಟ್ಸಿಯೊ 1753ರಲ್ಲಿ ಬರೆದ, ಈ ಕಾಯಿಲೆಯ ಮೊದಲ ವಿವರಗಳಲ್ಲೊಂದೆಂದು ಎಣಿಸಲಾಗುವ ವರದಿಯಲ್ಲೇ 17 ವರ್ಷದ ಹೆಣ್ಣುಮಗಳ ಬಾಯಿಯ ಸುತ್ತಲಿನ ಬಿಗಿತದ ಪ್ರಸ್ತಾಪವಿದೆ.

ಬಾಯಿಯ ಸುತ್ತಲಿನ ಚರ್ಮ ಬಿಗಿದಾಗ ತುಟಿಗಳು ತೆಳುವಾಗುತ್ತವೆ, ಸಂಚಿಯ ಬಾಯಿಗೆ ದಾರ ಎಳೆದಂತೆ ನೇರ ಗೆರೆಗಳು ಮೂಡುತ್ತವೆ. ಮುಖದಲ್ಲಿ ಭಾವನೆ ಕಾಣಿಸುವುದು ಕಷ್ಟವಾಗುತ್ತದೆ. ‘ಅವರು ಈಗ ನಗುವುದೇ ಇಲ್ಲ, ದೊಡ್ಡಸ್ತಿಕೆ ಬಂದಿದೆ’ ಎಂದು ಹೇಳುವ ಮೊದಲು ನಾವು ಇದನ್ನು ತಿಳಿದಿರಬೇಕು. ಸಾಮಾನ್ಯವಾಗಿ ವಯಸ್ಕರ ಬಾಯಿ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ 40ರಿಂದ 50 ಮಿಲಿಮೀಟರಿನಷ್ಟು ತೆರೆಯುತ್ತದೆ. ನಮ್ಮ ಕೈಯ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ಸೇರಿಸಿದರೆ ಅಂದಾಜು ಸಿಗುತ್ತದೆ. ಈ ರೋಗಿಗಳಲ್ಲಿ ಕೆಲವರಿಗೆ ಎರಡು ಬೆರಳೂ ಹೋಗುವುದಿಲ್ಲ. ನಾಲಿಗೆಯ ಕೆಳಗಿನ ತಂತು ಗಿಡ್ಡವಾಗಿ ದಪ್ಪವಾದಾಗ ನಾಲಿಗೆ ಹೊರಚಾಚುವುದೂ ಕಷ್ಟ.

ಒಳಗೆ ನಡೆಯುವ ಹಾನಿ ಕಣ್ಣಿಗೆ ಬೀಳುವುದಿಲ್ಲ. ಕೆಲವರಲ್ಲಿ ಕೆಳದವಡೆಯ ಮೂಳೆ ಕರಗುತ್ತಾ ಹೋಗುತ್ತದೆ, ಮುಖ್ಯವಾಗಿ ಕಿವಿಯ ಕೆಳಗೆ ದವಡೆ ತಿರುಗುವ ಮೂಲೆಯಲ್ಲಿ ಮತ್ತು ಕೀಲಿನ ಬಳಿ. ಬಿಗಿದ ಚರ್ಮ ಮತ್ತು ಸ್ನಾಯುಗಳ ಒತ್ತಡ, ಕುಗ್ಗಿದ ರಕ್ತಸಂಚಾರ ಇದಕ್ಕೆ ಕಾರಣವೆಂದು ತಜ್ಞರು ಭಾವಿಸುತ್ತಾರೆ. ನೋವಿಲ್ಲದೆಯೇ ಇದು ಮುಂದುವರಿಯಬಹುದು, ಅಪರೂಪಕ್ಕೆ ಮೂಳೆ ಮುರಿಯಲೂಬಹುದು. ಹಲ್ಲು ಮತ್ತು ಮೂಳೆಯ ನಡುವಿನ ತೆಳುವಾದ ಪೊರೆ ಅಗಲವಾಗಿರುವುದೂ ಎಕ್ಸ್‌ರೇಯಲ್ಲಿ ಕಾಣುತ್ತದೆ. ಆದ್ದರಿಂದ ಇಡೀ ದವಡೆ ಕಾಣುವ ಎಕ್ಸ್‌ರೇ ಒಂದನ್ನು ತೆಗೆಸಿಡುವುದು ಒಳ್ಳೆಯದು.

ಇದರ ಜೊತೆಗೆ ಹಲವರಿಗೆ ಜೊಲ್ಲು ಒಣಗುತ್ತದೆ. ಜೊಲ್ಲಿಲ್ಲದ ಬಾಯಿಯಲ್ಲಿ ಹುಳುಕು ಬೇಗ ಹಿಡಿಯುತ್ತದೆ. ಅನ್ನನಾಳ ಸಡಿಲವಾಗಿ ಹೊಟ್ಟೆಯ ಆಮ್ಲ ಮೇಲೆ ಬರುವುದರಿಂದ ಹಲ್ಲಿನ ಹೊರಪದರ ಸವೆಯುತ್ತದೆ. ಬ್ರಷ್ ಹಿಡಿಯಬೇಕಾದ ಬೆರಳುಗಳೇ ಮಡಚಿ ಗಟ್ಟಿಯಾಗಿರುತ್ತವೆ. ಬೆರಳಿನ ರಕ್ತಸಂಚಾರಕ್ಕೆ ಕೊಡುವ ನಿಫೆಡಿಪಿನ್ ಮಾತ್ರೆಯಿಂದ ಕೆಲವರ ಒಸಡು ಊದಿಕೊಳ್ಳುವುದೂ ಉಂಟು. ಹೀಗೆ ಹಲ್ಲು ಕೆಡುವುದಕ್ಕೆ ನಾಲ್ಕಾರು ದಾರಿಗಳಿದ್ದು, ದಂತವೈದ್ಯರ ಉಪಕರಣ ಒಳಹೋಗಲು ಮಾತ್ರ ದಾರಿ ಇಲ್ಲದಂತಾಗುತ್ತದೆ. ಬಾಯಿ ಇನ್ನೂ ತೆರೆಯುತ್ತಿರುವಾಗಲೇ ಹಲ್ಲಿನ ಚಿಕಿತ್ಸೆ ಮುಗಿಸಬೇಕು ಎನ್ನುವುದು ಇದೇ ಕಾರಣಕ್ಕೆ.

ನಮ್ಮ ಕರಾವಳಿಯಲ್ಲಿ ಒಂದು ತೊಡಕಿದೆ. ಅಡಿಕೆ, ಗುಟ್ಕಾ ಜಗಿಯುವವರಿಗೂ ಬಾಯಿ ತೆರೆಯದಂತಾಗುತ್ತದೆ. ಅದು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಬೇರೆಯೇ ಕಾಯಿಲೆ. ಅದರಲ್ಲಿ ಬಿಗಿತ ಕೆನ್ನೆಯ ಒಳಭಾಗದಲ್ಲಿ ಬಿಳಿಚಿದ ಪಟ್ಟಿಗಳಾಗಿ ಕೈಗೆ ಸಿಗುತ್ತದೆ, ಖಾರ ತಿಂದರೆ ಬಾಯಿ ಉರಿಯುತ್ತದೆ. ಸ್ಕ್ಲೀರೋಡರ್ಮಾದಲ್ಲಿ ಮುಖದ ಮತ್ತು ಬೆರಳುಗಳ ಚರ್ಮವೂ ಬಿಗಿಯುತ್ತದೆ, ತಣ್ಣೀರು ಮುಟ್ಟಿದರೆ ಬೆರಳುಗಳು ಬಿಳಿಚಿ ನೀಲಿಯಾಗುತ್ತವೆ. ಎಂದೂ ಅಡಿಕೆ ಮುಟ್ಟದ ಹೆಂಗಸನ್ನು ‘ಗುಟಾಣಿಯಲ್ಲಿ ತಿನ್ನುತ್ತಿದ್ದಿರಾ?’ ಎಂದು ಶಂಕಿಸುವುದು ಅನ್ಯಾಯ. ಬೆರಳುಗಳನ್ನೊಮ್ಮೆ ನೋಡಿದರೆ ಸಾಕು, ಸಂಶಯ ಬಂದರೆ ಸಂಧಿವಾತ ತಜ್ಞರ ಬಳಿಗೆ ಕಳುಹಿಸಬಹುದು.

ಬಿಗಿದ ಬಾಯಿಗೆ ವ್ಯಾಯಾಮದಿಂದ ಪ್ರಯೋಜನವಿದೆ. ಎರಡೂ ಹೆಬ್ಬೆರಳುಗಳನ್ನು ಬಾಯಿಯ ಮೂಲೆಗಳಿಗೆ ಸಿಕ್ಕಿಸಿ ಹೊರಕ್ಕೆ ಮೆಲ್ಲನೆ ಎಳೆದು ಹಿಡಿಯುವುದು ಒಂದು. ಐಸ್‌ಕ್ರೀಮ್ ಕಡ್ಡಿಯಂಥ ಚಪ್ಪಟೆ ಮರದ ಕಡ್ಡಿಗಳನ್ನು ಹಿಂದಿನ ಹಲ್ಲುಗಳ ನಡುವೆ ಒಂದೊಂದಾಗಿ ಸೇರಿಸುತ್ತಾ ಹೋಗುವುದು ಇನ್ನೊಂದು. ಇಟಲಿಯಲ್ಲಿ ಹತ್ತು ಮಂದಿ ರೋಗಿಗಳು ಹೀಗೆ ದಿನಕ್ಕೆ ಎರಡು ಬಾರಿ 18 ವಾರ ಮಾಡಿದಾಗ ಬಾಯಿ ಸರಾಸರಿ ಒಂದು ಸೆಂಟಿಮೀಟರಿನಷ್ಟು ಹೆಚ್ಚು ತೆರೆಯಿತೆಂದು 2003ರಲ್ಲಿ ವರದಿಯಾಗಿದೆ. ಒಂದು ಸೆಂಟಿಮೀಟರ್ ಎಂದರೆ ಒಂದು ತುತ್ತಿನ ವ್ಯತ್ಯಾಸ! ಬಿಟ್ಟರೆ ಬಿಗಿತ ಮರಳುತ್ತದೆ, ಆದ್ದರಿಂದ ಹಲ್ಲುಜ್ಜುವಷ್ಟೇ ನಿತ್ಯದ ರೂಢಿಯಾಗಬೇಕು. ದವಡೆಯ ಮೂಳೆ ಕರಗಿರುವವರು ಮಾತ್ರ ವೈದ್ಯರನ್ನು ಕೇಳಿಯೇ ಆರಂಭಿಸಬೇಕು.

ಮಕ್ಕಳ ಬ್ರಷ್, ಅದರ ಹಿಡಿಗೆ ಸುತ್ತಿದ ದಪ್ಪ ಬಟ್ಟೆ, ಫ್ಲೋರೈಡ್ ಪೇಸ್ಟ್, ಆಗಾಗ ಗುಟುಕು ನೀರು, ಇಷ್ಟು ಮನೆಯಲ್ಲೇ ಸಾಧ್ಯ. ಊಟಕ್ಕೆ ಮೆತ್ತಗೆ ಬೇಯಿಸಿದ ಗಂಜಿ, ಮುಳ್ಳು ಬಿಡಿಸಿದ ಮೀನು ಸುಲಭ. ಹುಳಿ, ಖಾರ ಕಡಿಮೆ ಇರಲಿ. ಧೂಮಪಾನ ರಕ್ತನಾಳಗಳನ್ನು ಇನ್ನಷ್ಟು ಸಂಕುಚಿಸುವುದರಿಂದ ಸಂಪೂರ್ಣ ನಿಲ್ಲಿಸಬೇಕು. ಎರಡು ವಾರವಾದರೂ ಮಾಯದ ಬಾಯಿಹುಣ್ಣನ್ನು ತಡಮಾಡದೆ ತೋರಿಸಬೇಕು.

ರೋಗಿಗಳಿಗೆ ಪರಮಪ್ರಸಾದ ಕೊಂಡೊಯ್ಯುವವರು ಗಮನಿಸಬೇಕಾದುದೊಂದಿದೆ. ಒಣಗಿದ ಬಾಯಿಯಲ್ಲಿ ಇಡೀ ಓಸ್ತಿ ಅಂಗುಳಕ್ಕೆ ಅಂಟಿಕೊಂಡು ನುಂಗಲಾಗದೆ ರೋಗಿ ಗಾಬರಿಯಾಗುತ್ತಾರೆ. ಚಿಕ್ಕ ತುಣುಕು ಸಾಕು, ಮೊದಲು ಒಂದು ಗುಟುಕು ನೀರು ಕೊಡಬಹುದು. ಅದೂ ಆಗದವರಿಗೆ ಅಗತ್ಯ ಸಂದರ್ಭದಲ್ಲಿ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಕೊಡಲು ಧರ್ಮಸಭೆಯ ಕಾನೂನಿನ 925ನೇ ವಿಧಿ ಅವಕಾಶ ನೀಡಿದೆ. ಇದನ್ನು ಧರ್ಮಗುರುಗಳೊಡನೆ ಮೊದಲೇ ಮಾತನಾಡಿಕೊಳ್ಳಬೇಕು.

ಯಾವುದೇ ಶಸ್ತ್ರಚಿಕಿತ್ಸೆಗೆ ದಾಖಲಾಗುವಾಗ, ಅದು ಕಾಲಿನದ್ದೇ ಆಗಿರಲಿ, ಬಾಯಿ ಎಷ್ಟು ತೆರೆಯುತ್ತದೆ ಎಂಬುದನ್ನು ಅರಿವಳಿಕೆ ವೈದ್ಯರಿಗೆ ಮುಂಚಿತವಾಗಿ ತಿಳಿಸಲೇಬೇಕು. ಉಸಿರಾಟದ ಕೊಳವೆಯನ್ನು ಸಾಮಾನ್ಯವಾಗಿ ಬಾಯಿಯ ಮೂಲಕವೇ ಹಾಕುತ್ತಾರೆ. ಮೊದಲೇ ಗೊತ್ತಿದ್ದರೆ ಅವರು ಬೇರೆ ಉಪಕರಣ ಸಿದ್ಧವಿಟ್ಟುಕೊಳ್ಳುತ್ತಾರೆ. ರೋಗಿಗೆ ಮಾತು ಕಷ್ಟವಾದರೆ ಜೊತೆಗೆ ಹೋದವರು ಒಂದು ಚೀಟಿಯಲ್ಲಿ ಬರೆದು ಕೊಟ್ಟರೂ ಆದೀತು.